ಸೋಗಿನ ಲೆಕ್ಕ ಬರೆದು ಮುಗಿಸುವುದು ಹೇಗೆ

ಕಾಸರಗೋಡು ಜಿಲ್ಲೆಯ ಕುಂಬಳೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತು, ಫೋನನ್ನು ಕಿವಿಗೆ ಹಿಡಿದು, ಆ ಕಡೆ ಯಾರೂ ಇಲ್ಲದೆ ನಾನು ಮಾತಾಡಿದ್ದೇನೆ. "ಹಾಂ ಸಾರ್, ವೀಸಾ ಆದ ಕೂಡಲೇ ಹೊರಡ್ತೇನೆ" ಎಂದು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದೆ. ಟಿಕೆಟ್ ಕೌಂಟರಿನ ಹತ್ತಿರ ನಮ್ಮ ಊರಿನವರೊಬ್ಬರು ನಿಂತಿದ್ದರು. ಅವರಿಗೆ ಕೇಳಲಿ ಎಂದೇ ಅಷ್ಟು ಗಟ್ಟಿ. ಫೋನು ಚಾರ್ಜ್ ಮುಗಿದು ಆಫ್ ಆಗಿತ್ತು. ಅದು 2019ರ ಮಾರ್ಚ್.

ಅದಕ್ಕೆ ಎರಡು ತಿಂಗಳ ಹಿಂದೆ ಶಾರ್ಜಾದಲ್ಲಿ ನನ್ನ ಕೆಲಸ ಹೋಗಿತ್ತು. ಕಟ್ಟಡದ ಸಾಮಾನು ಮಾರುವ ಒಂದು ಅಂಗಡಿಯಲ್ಲಿ 13 ವರ್ಷ ಲೆಕ್ಕ ಬರೆದಿದ್ದೆ. ಅಂಗಡಿ ಮುಚ್ಚಿತು. ಫೆಬ್ರವರಿಯಲ್ಲಿ ಊರಿಗೆ ಬಂದವನು "ರಜೆಯಲ್ಲಿ ಬಂದಿದ್ದೇನೆ" ಎಂದೆ. ರಜೆ ಮುಗಿಯುವ ಹೊತ್ತಿಗೆ "ಇನ್ನೂ ಸ್ವಲ್ಪ ಮುಂದೆ ಹೋಗಿದೆ" ಎಂದೆ. ಆಮೇಲೆ ದಿನಾ ಬೆಳಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು "ಬ್ಯಾಂಕಿನ ಕೆಲಸ ಉಂಟು" ಎಂದು ಹೊರಡುತ್ತಿದ್ದೆ. ಬದಿಯಡ್ಕದಲ್ಲಿ ಪರಿಚಯದವರು ಜಾಸ್ತಿ. ಹಾಗಾಗಿ ಆ ಕಡೆ ಹೋಗದೆ ಕುಂಬಳೆಯ ಬಸ್ಸು ಹತ್ತುತ್ತಿದ್ದೆ. ಹೀಗೆ ನಾಲ್ಕು ತಿಂಗಳು.

ನನ್ನ ಹಾಗೆ ಏನಾದರೊಂದನ್ನು ಹೊತ್ತುಕೊಂಡು ತಿರುಗುವವರು ಈ ಕಡೆ ಎಷ್ಟು ಜನ ಇದ್ದಾರೆ ಎಂದು ಈಗ ನನಗೆ ಗೊತ್ತಾಗುತ್ತಿದೆ. ಸಂಬಳ, ಸಾಲ, ಮಗನ ಮಾರ್ಕು, ಗಂಡ ಹೆಂಡತಿಯ ನಡುವಿನ ಮೌನ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಲೆಕ್ಕದವನು. ನನಗೆ ಗೊತ್ತಿರುವ ದಾರಿಯೂ ಲೆಕ್ಕದ್ದೇ.

ಮೊದಲು, ಯಾವುದು ಸೋಗು ಎಂದು ಬೇರೆ ಮಾಡಿ

ಎದುರಿದ್ದವರ ಮುಂದೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಿಚ್ಚುವುದು ಪ್ರಾಮಾಣಿಕತೆ ಎಂದು ಕೆಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ನೆಂಟರ ಮನೆಯಲ್ಲಿ ಪಾಯಸ ಸಪ್ಪೆ ಇತ್ತು, "ಒಳ್ಳೆಯದಾಗಿದೆ ಅತ್ತಿಗೆ" ಎಂದೆವು. ಭಾವನ ಮೇಲೆ ಸಿಟ್ಟಿತ್ತು, ಆದರೂ ಅವರ ಮಗಳ ಮದುವೆಯಲ್ಲಿ ನಗುತ್ತಾ ಬಡಿಸಿದೆವು. ಇದು ಮರ್ಯಾದೆ. ಕೈ ತೊಳೆಯುವ ಹೊತ್ತಿಗೆ ಮುಗಿಯಿತು.

ನಾನು ಹಾಕಿಕೊಂಡ ಪ್ರಶ್ನೆ ಒಂದೇ: "ಇದನ್ನು ನಾಳೆ ನೆನಪಿಟ್ಟುಕೊಳ್ಳಬೇಕಾ?" ಪಾಯಸದ ಮಾತನ್ನು ನೆನಪಿಡಬೇಕಾಗಿಲ್ಲ. "ರಜೆ ಮೇ ಕೊನೆವರೆಗೆ" ಎಂದದ್ದನ್ನು ನೆನಪಿಡಬೇಕು. ಅಮ್ಮನಿಗೆ ಹೇಳಿದ್ದನ್ನೇ ಹೆಂಡತಿಗೂ ಹೇಳಬೇಕು. ಮಗ ಕೇಳಿದರೆ ಅದೇ ತಾರೀಖು. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ದಿನದ ಕೊನೆಗೆ ಉಳಿದದ್ದನ್ನು ಶಿಲ್ಕು ಎಂದು ಬರೆಯುತ್ತಾರೆ. ಅದು ಮರುದಿನದ ಮೊದಲ ಸಾಲಾಗಿ ಬರುತ್ತದೆ. ಶಿಲ್ಕು ಉಳಿಸುವ ಮಾತೇ ಸೋಗು. ಹೇಳುವಾಗ ಅದಕ್ಕೆ ಖರ್ಚು ಕಡಿಮೆ. ಸಾಕುವುದಕ್ಕೇ ಎಲ್ಲ ಖರ್ಚು.

ಹದಿನಾಲ್ಕು ದಿನ ಬರೆಯಿರಿ

ಒಂದು ನೂರು ಪುಟದ ರೂಲ್ ಪುಸ್ತಕ ತನ್ನಿ. ಫೋನಿನಲ್ಲಿ ಬರೆಯಬೇಡಿ, ಮನೆಯ ಫೋನು ಮಕ್ಕಳ ಕೈಯಲ್ಲೂ ಇರುತ್ತದೆ. ನಾನು ನನ್ನ ಪುಸ್ತಕವನ್ನು ಅಟ್ಟದಲ್ಲಿ ಅಡಿಕೆ ಗೋಣಿಗಳ ಹಿಂದೆ ಇಟ್ಟಿದ್ದೆ. ಮೇ ತಿಂಗಳ ನಡುವಿನಲ್ಲಿ ಶುರು ಮಾಡಿದೆ.

ಪುಟಕ್ಕೆ ಉದ್ದಕ್ಕೆ ಗೆರೆ ಎಳೆಯಿರಿ. ಯಾರ ಎದುರು, ಏನು ತೋರಿಸಿದೆ, ನಿಜ ಏನು, ಹಣ ಎಷ್ಟು ಹೋಯಿತು, ಸಮಯ ಎಷ್ಟು, ಮೈಗೆ ಏನಾಯಿತು, ನಾಳೆಗೆ ಶಿಲ್ಕು ಏನು. ಕೊನೆಯ ಎರಡು ಕಾಲಂ ಬಿಡಲೇಬೇಡಿ. ಅವೇ ಮುಖ್ಯ.

ನನ್ನ ಒಂದು ದಿನದ ಸಾಲು ಹೀಗಿತ್ತು. ಭಾವ ಕೇಳಿದರು, "ಈ ಸಲ ನನಗೆ ಸೆಂಟು ತರಲಿಲ್ವಾ?" ನಾನು "ಪೆಟ್ಟಿಗೆ ಕಾರ್ಗೋದಲ್ಲಿ ಬರ್ತಾ ಉಂಟು" ಎಂದೆ. ನಿಜ: ಒಂದೇ ಕೈಚೀಲದಲ್ಲಿ ಬಂದವನು, ಪೆಟ್ಟಿಗೆಯೇ ಇಲ್ಲ. ಮೈಗೆ: ಕುತ್ತಿಗೆಯ ಹಿಂದೆ ಬಿಸಿ, ಹೊಟ್ಟೆ ಹಿಂಡಿತು. ಶಿಲ್ಕು: ಸೆಂಟು ಎಲ್ಲಿಂದಾದರೂ ತರಬೇಕು. ಅಂದರೆ ಇನ್ನೊಂದು ಸಾಲು. ಕಾಸರಗೋಡು ಪೇಟೆಯಲ್ಲಿ ಗಲ್ಫಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಸೆಂಟು, ಹಾಲಿನ ಪುಡಿ, ಎರಡು ಕಂಬಳಿ ಕೊಂಡೆ. ಬೆಲೆ ಚೀಟಿ ಕಿತ್ತು, ಅಂಟು ಉಳಿದಲ್ಲಿ ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಅದನ್ನೆಲ್ಲ ಹಂಚಿದೆ.

ಎರಡು ವಾರ ಆದ ಮೇಲೆ ಹಿಂದಿನ ತಿಂಗಳುಗಳನ್ನೂ ನೆನಪಿನಿಂದ ಬರೆದು ಹಣದ ಕಾಲಂ ಕೂಡಿಸಿ. ನನ್ನದು ಹೀಗೆ ಬಂತು. ಗಲ್ಫಿನ ಸಾಮಾನು 6,400 ರೂಪಾಯಿ. ಜಾತ್ರೆಗೆ ವಂತಿಗೆ 10,000, ಯಾಕೆಂದರೆ ಗಲ್ಫಿನವನು ಸಾವಿರ ಕೊಟ್ಟರೆ ನಾಲ್ಕು ಜನ ಮುಖ ನೋಡುತ್ತಾರೆ. ನಾಲ್ಕು ಮದುವೆ, ತಲಾ 3,000ದ ಹಾಗೆ 12,000. ಮಂಗಳೂರಿಗೆ ಟ್ಯಾಕ್ಸಿ 3,200, ಬಸ್ಸಿನಲ್ಲಿ ಹೋದರೆ ಕಾಣುತ್ತದೆ ಎಂದು. 90 ದಿನ ಮನೆಯಿಂದ ಹೊರಗೆ ಕೂರಲು ಬಸ್ಸು, ಊಟ, ಚಹಾ, ದಿನಕ್ಕೆ 110ರ ಹಾಗೆ 9,900. ಇದಕ್ಕೆಲ್ಲ ಹಣ ಬೇಕಲ್ವಾ? ನನ್ನ ಚೈನನ್ನು ಅಡವಿಟ್ಟು ಸಾಲ ತೆಗೆದಿದ್ದೆ, ಅದರ ಬಡ್ಡಿ 4,300. ಒಟ್ಟು 45,800. ಕೆಲಸ ಇಲ್ಲದವನ ನಾಲ್ಕು ತಿಂಗಳ ಸೋಗಿನ ಖರ್ಚು.

ಅಂಕಿ ಎದುರಿಗೆ ಕಂಡಾಗ ನನಗೆ ನಾಚಿಕೆಗಿಂತ ಹೆಚ್ಚು ದುಃಖ ಆಯಿತು. ಮಗನಿಗೆ ಸೈಕಲ್ ಬೇಕಿತ್ತು. "ಮುಂದಿನ ಸಲ" ಎಂದಿದ್ದೆ.

ಆಮೇಲೆ ಪುಸ್ತಕವನ್ನು ಇನ್ನೊಂದು ರೀತಿ ಓದಿ. ಪ್ರತಿ ಸಾಲಿಗೂ ಕೇಳಿ, ಇದು ಯಾವುದನ್ನು ಕಾಯಲು ಹೇಳಿದ್ದು? ನನ್ನ ಪುಸ್ತಕದಲ್ಲಿ ಹದಿನಾಲ್ಕು ದಿನಕ್ಕೆ 61 ಸಾಲು ಇತ್ತು. ಅದರಲ್ಲಿ 50ಕ್ಕೂ ಹೆಚ್ಚು ಒಂದೇ ಬೇರಿನವು: "ಕೆಲಸ ಉಂಟು." ಅವೆಲ್ಲ ಅದರ ಕೊಂಬೆಗಳು. ನಿಮ್ಮದರಲ್ಲೂ ಬಹುಶಃ ಒಂದೋ ಎರಡೋ ಬೇರು ಸಿಗುತ್ತದೆ. ಕೊಂಬೆ ಕೊಂಬೆಯನ್ನೇ ಸರಿ ಮಾಡಲು ಹೋದರೆ ಸುಸ್ತಾಗುತ್ತೀರಿ. ಬೇರಿನ ಹೆಸರನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೇ ವಾಕ್ಯದಲ್ಲಿ ಬರೆದಿಡಿ. "ನನ್ನ ಕೆಲಸ ಹೋಗಿದೆ" ಎಂಬ ಮೂರೇ ಪದಗಳ ವಾಕ್ಯ ಬರೆಯಲು ನನಗೆ ಎರಡು ದಿನ ಬೇಕಾಯಿತು.

ಮೈಯ ಕಾಲಂನಲ್ಲಿ ಕಂಡದ್ದು

ಏಪ್ರಿಲಿನಲ್ಲಿ ಎದೆ ಬಿಗಿಯುತ್ತದೆ ಎಂದು ವೈದ್ಯರ ಹತ್ತಿರ ಹೋಗಿದ್ದೆ. ಬಿಪಿ 150/100. ಸೋಗೊಂದೇ ಕಾರಣ ಎಂದು ಹೇಳಲಾರೆ, ಅಪ್ಪನಿಗೂ ಬಿಪಿ ಇತ್ತು. ಆದರೆ ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಸಹ್ಯ ಹುಟ್ಟಿಸುವ ಚಿತ್ರವೊಂದನ್ನು ಜನರಿಗೆ ತೋರಿಸಿದರು. ಕೆಲವರಿಗೆ "ಮುಖದಲ್ಲಿ ಏನೂ ಕಾಣಿಸಬಾರದು" ಎಂದು ಹೇಳಿದ್ದರು. ಅವರ ಮುಖದಲ್ಲಿ ನಿಜಕ್ಕೂ ಹೆಚ್ಚೇನೂ ಕಾಣಲಿಲ್ಲ. ಆದರೆ ಅಸಹ್ಯ ಕಡಿಮೆ ಆಗಿರಲಿಲ್ಲ. ಒಳಗೆ ಮೈ ಬಿಗಿದಿತ್ತು, ಚರ್ಮದ ಬೆವರು, ಬೆರಳ ತುದಿಯ ರಕ್ತನಾಳ, ಎಲ್ಲವೂ ಅದನ್ನು ಹೇಳುತ್ತಿದ್ದವು. 2000ದಲ್ಲಿ ಗ್ರಾಸ್ ಮತ್ತು ಜೇನ್ ರಿಚರ್ಡ್ಸ್ ಇನ್ನೊಂದು ವಿಷಯ ತೋರಿಸಿದರು. ಮುಖ ಅಡಗಿಸುವುದರಲ್ಲಿ ತೊಡಗಿದವರಿಗೆ, ಆಗ ಕೇಳಿದ ಮಾತು ಅಷ್ಟಾಗಿ ನೆನಪಿರುವುದಿಲ್ಲ.

ಅದನ್ನು ಓದಿದಾಗ ಮಗನ ನೆನಪಾಯಿತು. ಆ ನಾಲ್ಕು ತಿಂಗಳು ಅವನು ಶಾಲೆಯ ಎಷ್ಟೋ ಸಂಗತಿ ಹೇಳಿದ್ದ. ನನಗೆ ಒಂದೂ ಸರಿಯಾಗಿ ನೆನಪಿಲ್ಲ. ನಾನು ಕೇಳುತ್ತಿರಲಿಲ್ಲ, ಮುಖ ಕಾಯುತ್ತಿದ್ದೆ.

ಹಾಗಾಗಿ ಮೈಯ ಕಾಲಂ ತುಂಬುವಾಗ ಎದೆ, ಹೊಟ್ಟೆ, ನಿದ್ದೆಯ ಜೊತೆಗೆ ಇದನ್ನೂ ಬರೆಯಿರಿ: ಆ ಹೊತ್ತಿನಲ್ಲಿ ಎದುರಿದ್ದವರು ಏನು ಹೇಳಿದರು ಎಂದು ನೆನಪುಂಟಾ?

ಹೇಳುವ ಮೊದಲು ನಾಲ್ಕು ರಾತ್ರಿ

ಬೇರು ಸಿಕ್ಕಿದ ಕೂಡಲೇ ಓಡಿ ಹೋಗಿ ಯಾರಿಗೂ ಹೇಳಬೇಡಿ. ಮೊದಲ ಸಲ ಹೇಳುವಾಗ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಬೇರೆಯವರ ಮೇಲೆ ತಪ್ಪು ಹಾಕುತ್ತದೆ. ಮೊದಲು ಕಾಗದಕ್ಕೆ ಹೇಳಿ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದ ಹಾಗೆ ನಾಲ್ಕು ದಿನ, ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆಮೇಲಿನ ಪ್ರಯೋಗಗಳಲ್ಲಿ ಎಲ್ಲರಿಗೂ ಒಂದೇ ರೀತಿಯ ಲಾಭ ಕಾಣಲಿಲ್ಲ, ನಿಜ. ಬರೆದ ಕೂಡಲೇ ಮನಸ್ಸು ಇನ್ನೂ ಭಾರ ಆಗುತ್ತದೆ ಎಂಬುದೂ ನಿಜ. ನನಗೆ ಎರಡನೇ ರಾತ್ರಿ ಬಹಳ ಕಷ್ಟ ಆಯಿತು. ನಾಲ್ಕನೇ ರಾತ್ರಿ ಬರೆದ ವಾಕ್ಯವನ್ನೇ ಆಮೇಲೆ ಹೆಂಡತಿಗೆ ಹೇಳಿದ್ದು. ಬರೆದ ಹಾಳೆಗಳನ್ನು ಇಡಬೇಕು ಎಂದಿಲ್ಲ. ನಾನು ಬಚ್ಚಲಿನ ಒಲೆಗೆ ಹಾಕಿದೆ.

ಮೊದಲನೆಯವರಿಗೆ ಹೇಳುವುದು

ಸೋಗಿನಿಂದ ಯಾರಿಗೆ ಹೆಚ್ಚು ನಷ್ಟ ಆಗುತ್ತಿದೆಯೋ ಅವರಿಗೇ ಮೊದಲು ಹೇಳಬೇಕು. ನಾವು ಸಾಮಾನ್ಯವಾಗಿ ತಿರುವು ಮುರುವು ಮಾಡುತ್ತೇವೆ. ಸುಲಭ ಎಂದು ಗೆಳೆಯನಿಗೆ ಹೇಳುತ್ತೇವೆ, ಅವನ ಬಾಯಿಂದ ಅದು ಮನೆಗೆ ಬರುತ್ತದೆ. ಮನೆಯವರಿಗೆ ಆ ನೋವು ಮಾಸುವುದಿಲ್ಲ.

ಎದುರೆದುರು ಕೂತು "ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು" ಎಂದು ಶುರು ಮಾಡಿದರೆ ಇಬ್ಬರಿಗೂ ಉಸಿರು ಕಟ್ಟುತ್ತದೆ. ಕೈಗೆ ಕೆಲಸ ಇರುವಾಗ, ಪಕ್ಕ ಪಕ್ಕ ಕೂತಿರುವಾಗ ಹೇಳಿ. ಆ ವರ್ಷ ಮಳೆ ತಡ ಆಗಿ ಜೂನ್ 8ಕ್ಕೆ ಕೇರಳಕ್ಕೆ ಕಾಲಿಟ್ಟಿತ್ತು. ಅದರ ಮುಂದಿನ ವಾರ ನಾವಿಬ್ಬರು ಹಿಂದಿನ ಜಗಲಿಯಲ್ಲಿ ಕೂತು ಉಪ್ಪಿಗೆ ಹಾಕಲು ಹಲಸಿನ ಸೊಳೆ ಬಿಡಿಸುತ್ತಿದ್ದೆವು. ಕೈಗೆ ಮೇಣ ಹಿಡಿಯದ ಹಾಗೆ ತೆಂಗಿನೆಣ್ಣೆ ಹಚ್ಚಿಕೊಂಡಿದ್ದೆವು. ಎಣ್ಣೆಯ ಕೈಯಿದ್ದರೆ ಫೋನು ಹಿಡಿಯಲು ಆಗುವುದಿಲ್ಲ, ಎದ್ದು ಹೋಗಲೂ ಆಗುವುದಿಲ್ಲ. ನಾನು ಹೇಳಿದೆ: "ನನ್ನ ಕೆಲಸ ಹೋಗಿ ಐದು ತಿಂಗಳಾಯಿತು. ರಜೆ ಅಂತ ಹೇಳಿದ್ದು ಸುಳ್ಳು. ಹೆದರಿಕೆಯಿಂದ ಹೇಳಿದ್ದು."

ಮೂರೇ ವಾಕ್ಯ. ನೀವೂ ಮೂರಕ್ಕೇ ನಿಲ್ಲಿಸಿ. ಏನಾಗಿದೆ, ಏನು ಮುಚ್ಚಿಟ್ಟೆ, ಯಾಕೆ. ನಾಲ್ಕನೆಯ ವಾಕ್ಯ ಯಾವಾಗಲೂ ಸಮಜಾಯಿಷಿ ಆಗಿರುತ್ತದೆ. "ನಿಮಗೋಸ್ಕರವೇ ಅಲ್ವಾ ಮಾಡಿದ್ದು" ಎಂದು ಬರುತ್ತದೆ. ಅದನ್ನು ಹೇಳಲೇಬಾರದು.

ಹೇಳಿದ ಕೂಡಲೇ ಎಲ್ಲ ಹಗುರಾಗುತ್ತದೆ ಎಂದು ಕಾಯಬೇಡಿ. ಅವಳು ಸೊಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಕೆಲಸ ಹೋದದ್ದು ಇರಲಿ. ಈ ನಾಲ್ಕು ತಿಂಗಳು ನಾನು ಯಾರ ಹತ್ತಿರ ಮಾತಾಡಿದ್ದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹನ್ನೊಂದು ದಿನ ಅವಳು ಊಟಕ್ಕೆ ಕರೆಯುವುದು ಬಿಟ್ಟು ಬೇರೆ ಮಾತಾಡಲಿಲ್ಲ.

ಆ ದಿನಗಳಲ್ಲಿ ನೀವು ಮಾಡಬೇಕಾದದ್ದು ಇಷ್ಟೇ. ಕ್ಷಮೆಯನ್ನು ಒತ್ತಾಯಿಸಬೇಡಿ. ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಿ. ಹೊಸ ಸುಳ್ಳು, ಎಷ್ಟೇ ಸಣ್ಣದಾದರೂ, ಒಂದೂ ಬೇಡ. ಮನೆಯಲ್ಲಿರಿ.

ಹನ್ನೆರಡನೇ ದಿನ ಅವಳು ಪುಸ್ತಕ ಕೇಳಿದಳು. ಅಟ್ಟದಿಂದ ಇಳಿಸಿ ಕೊಟ್ಟೆ. ಒಂದೊಂದೇ ಸಾಲು ಓದಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು, "ಈ ದಿನ ನಾನು ತಲೆನೋವು ಅಂತ ಮಧ್ಯಾಹ್ನವೇ ಮಲಗಿದ್ದೆ, ನೆನಪುಂಟಾ ನಿಮಗೆ?" ನೆನಪಿರಲಿಲ್ಲ. ಆ ಎರಡು ವಾರದಲ್ಲಿ ಅವಳು ಐದು ಸಲ ಹಾಗೆ ಮಲಗಿದ್ದಳಂತೆ. ಏನೋ ಸರಿ ಇಲ್ಲ ಎಂದು ಅವಳಿಗೆ ಅನಿಸುತ್ತಿತ್ತು, ಏನೆಂದು ಗೊತ್ತಿರಲಿಲ್ಲ.

2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ನಾನು ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ತಟ್ಟಿತು. ಪರಿಚಯ ಇಲ್ಲದ ಇಬ್ಬಿಬ್ಬರು ಹೆಂಗಸರಿಗೆ ಮನಸ್ಸು ಕಲಕುವ ಚಿತ್ರ ತೋರಿಸಿ, ಅದರ ಬಗ್ಗೆ ಮಾತಾಡಲು ಬಿಟ್ಟರು. ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ, ಭಾವನೆ ತೋರಿಸಬೇಡಿ ಎಂದು ಗುಟ್ಟಾಗಿ ಹೇಳಿದ್ದರು. ಅಂಥವರ ಎದುರು ಕೂತವರ ರಕ್ತದೊತ್ತಡ ಏರಿತು. ಎದುರಿನವರು ಅಡಗಿಸುತ್ತಿದ್ದಾರೆ ಎಂದು ಇವರಿಗೆ ಯಾರೂ ಹೇಳಿರಲಿಲ್ಲ. ನನ್ನ ಪುಸ್ತಕದಲ್ಲಿ ನನ್ನ ಮೈಗೆ ಒಂದು ಕಾಲಂ ಇತ್ತು. ಅವಳ ಮೈಗೆ ಒಂದು ಕಾಲಂ ಇರಲಿಲ್ಲ. ನೀವು ಗೆರೆ ಎಳೆಯುವಾಗ ಅದನ್ನೂ ಸೇರಿಸಿ.

ಉಳಿದವರಿಗೆ

ಊರಿಗೆಲ್ಲ ಡಂಗುರ ಸಾರಬೇಕಾಗಿಲ್ಲ. ಅಮ್ಮನಿಗೆ ಒಂದು ವಾರದ ನಂತರ ಹೇಳಿದೆ. ಅವರು "ಊಟಕ್ಕೆ ತೋಟ ಉಂಟಲ್ಲ" ಎಂದು ಎದ್ದು ಹೋದರು, ರಾತ್ರಿ ಒಬ್ಬರೇ ಅತ್ತರು. ಮಗನಿಗೆ ಅವನ ವಯಸ್ಸಿಗೆ ತಕ್ಕಷ್ಟು ಹೇಳಿದೆವು. ಉಳಿದವರಿಗೆ, ಕೇಳಿದಾಗ ಹೇಳಲು ಒಂದು ಸಿದ್ಧ ವಾಕ್ಯ ಇಟ್ಟುಕೊಳ್ಳಿ. ನಮ್ಮಲ್ಲಿ ಗಲ್ಫಿನಿಂದ ಬಂದವನನ್ನು ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಇನ್ನು ಯಾವಾಗ ಹೋಗುವುದು?" ನನ್ನ ವಾಕ್ಯ: "ಇನ್ನು ಹೋಗುವುದಿಲ್ಲ. ಅಲ್ಲಿಯ ಅಂಗಡಿ ಮುಚ್ಚಿತು. ಇಲ್ಲೇ ಲೆಕ್ಕದ ಕೆಲಸ ಹುಡುಕುತ್ತಿದ್ದೇನೆ." ಕನ್ನಡಿಯ ಎದುರು ಅಲ್ಲ, ನಡೆಯುತ್ತಾ ಅಭ್ಯಾಸ ಮಾಡಿ. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಾ ನಾನು ಇಪ್ಪತ್ತು ಸಲವಾದರೂ ಹೇಳಿಕೊಂಡಿದ್ದೇನೆ. ಮೊದಲ ಮದುವೆಯಲ್ಲಿ ಹೇಳಿದಾಗ ಧ್ವನಿ ನಡುಗಿತು. ಮೂರನೆಯದರಲ್ಲಿ ನಡುಗಲಿಲ್ಲ. ಆ ಕೊನೆಯ ಮಾತು ಕೇಳಿಯೇ ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ಜಿಎಸ್‌ಟಿ ಲೆಕ್ಕ ನೋಡಲು ಕರೆದರು. ಈಗಲೂ ಅದೇ ನನ್ನ ಕೆಲಸ. ಕೆಲಸ ಉಂಟು ಎಂದು ತೋರಿಸುತ್ತಾ ಇದ್ದಿದ್ದರೆ ಕೆಲಸ ಕೊಡಲು ಯಾರಿಗೆ ಗೊತ್ತಾಗಬೇಕು?

ಮದುವೆಯ ಮುಯ್ಯಿ 500ಕ್ಕೆ ಇಳಿಸಿದೆ. ಯಾರೂ ಏನೂ ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಬ್ಬರು ಹೇಳಿದರು. ಅವರಲ್ಲಿ ಒಬ್ಬರು ಈಗಲೂ ನಮ್ಮ ಮನೆಗೆ ಬರುವುದಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿದ್ದ ಶಾರ್ಜಾದ ಹಳೆಯ ಫೋಟೋ ತೆಗೆದೆ. ಅಷ್ಟು ಸಾಕಾಯಿತು.

ಅರ್ಥ ಆಯಿತು ಎಂಬ ಸೋಗು

ಇದು ಗಡಿನಾಡಿನ ನಮಗೆ ವಿಶೇಷವಾಗಿ ಹೇಳಬೇಕಾದ್ದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮಾತಾಡಲು ಬರುತ್ತದೆ, ಆದರೆ ನನ್ನ ವಯಸ್ಸಿನ ಎಷ್ಟೋ ಜನರಿಗೆ ಮಲಯಾಳದ ಕಾನೂನಿನ ಕಾಗದ ಓದಲು ಬರುವುದಿಲ್ಲ. ಎದುರಿನವರು ವೇಗವಾಗಿ ಹೇಳುತ್ತಾ ಹೋದಾಗ ನಾವು ತಲೆ ಅಲ್ಲಾಡಿಸಿ "ಮನಸ್ಸಿಲಾಯಿ" ಎನ್ನುತ್ತೇವೆ. ಅರ್ಥ ಆಯಿತು ಎಂದು. 2014ರಲ್ಲಿ ಮನೆ ಸಾಲಕ್ಕೆ ಹಾಗೆ ಹೇಳಿ ಸಹಿ ಹಾಕಿದ್ದೆ. ಸಾಲದ ಜೊತೆ 18,000 ರೂಪಾಯಿಯ ವಿಮೆಯೂ ಸೇರಿತ್ತು ಎಂದು ವರ್ಷ ಕಳೆದ ಮೇಲೆ ಗೊತ್ತಾಯಿತು. ಕೇಳಿದ್ದರೆ ಅವರು ಹೇಳುತ್ತಿದ್ದರು. ಕೇಳಲು ನಾಚಿಕೆ.

ಇದನ್ನು ಬಿಡುವುದು ಉಳಿದೆಲ್ಲಕ್ಕಿಂತ ಸುಲಭ. ಅಭ್ಯಾಸಕ್ಕೆ ಇಲ್ಲಿಂದಲೇ ಶುರು ಮಾಡಿ. "ಮನಸ್ಸಿಲಾಯಿಲ್ಲ, ಇನ್ನೊಂದು ಸಲ ಹೇಳಿ" ಎನ್ನಿ. ಕಾಗದವನ್ನು ಮನೆಗೆ ತಂದು ಓದಿಸಿ. ಸರ್ಕಾರಿ ಕಚೇರಿಯಾದರೆ ನಾಚುವ ಮಾತೇ ಇಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿಯ ಕನ್ನಡಿಗರು ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಸಿಗಬೇಕು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರಿಂದ ಮಲಯಾಳ ಓದಲು ಕಲಿಯಿರಿ. ನಾನು ಮಗನಿಂದ ಕಲಿಯುತ್ತಿದ್ದೇನೆ. ಅವನ ಮಾತು ಈಗ ನನಗೆ ನೆನಪಿರುತ್ತದೆ.

ಕೆಲಸವೇ ನಗು ಕೇಳಿದರೆ

ಅಕ್ಕನ ಮಗಳು ಕಾಸರಗೋಡಿನ ಒಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುತ್ತಾಳೆ. ಇಡೀ ದಿನ ನಗಬೇಕು. "ಮಾವ, ಮನೆಗೆ ಬಂದ ಮೇಲೂ ಕೆನ್ನೆ ನೋಯ್ತದೆ" ಎಂದಳು. ಅವಳಿಗೆ ಸೋಗು ಬಿಡು ಎಂದು ಹೇಳುವ ಹಾಗಿಲ್ಲ, ಅದು ಅವಳ ಅನ್ನ. ಆರ್ಲಿ ಹೋಶ್‌ಚೈಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ಗಗನಸಖಿಯರ ಕೆಲಸವನ್ನು ನೋಡಿ, 1983ರಲ್ಲೇ ಇದನ್ನೂ ಒಂದು ದುಡಿಮೆ ಎಂದು ಹೆಸರಿಟ್ಟು ಬರೆದರು. ಮೈ ದುಡಿದ ಹಾಗೆ ಭಾವನೆಯೂ ದುಡಿಯುತ್ತದೆ. ಅಂದರೆ ಅದಕ್ಕೂ ವಿಶ್ರಾಂತಿ ಬೇಕು.

ನಮ್ಮ ಸೋದರಮಾವ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ ಮಾಡುತ್ತಿದ್ದರು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಒಂದೊಂದೇ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಆಟ ಮುಗಿದು ಬೆಳಗಾದರೆ, ಎಷ್ಟೇ ನಿದ್ದೆ ಇದ್ದರೂ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ತೆಂಗಿನೆಣ್ಣೆ ಹಚ್ಚಿ ಎಲ್ಲವನ್ನೂ ಒರೆಸಿ ತೆಗೆದೇ ಹೊರಡುತ್ತಿದ್ದರು. ವೇಷಕ್ಕೆ ಚೌಕಿ ಎಂಬ ಜಾಗ ಉಂಟು. ನಗುವಿನ ಕೆಲಸದವರಿಗೆ ಅದಿಲ್ಲ, ತಾವೇ ಮಾಡಿಕೊಳ್ಳಬೇಕು. ಅಕ್ಕನ ಮಗಳು ಹೀಗೆ ಮಾಡಿದ್ದಾಳೆ. ಬಸ್ಸಿಳಿದು ಮನೆಯವರೆಗಿನ ಹತ್ತು ನಿಮಿಷದ ದಾರಿಯಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ. ಮುಖ ತೊಳೆದು ಬಟ್ಟೆ ಬದಲಿಸುವವರೆಗೆ ಮನೆಯಲ್ಲಿ ಯಾರೂ ಅವಳನ್ನು ಏನೂ ಕೇಳಬಾರದು, ಇದು ಅಕ್ಕ ಒಪ್ಪಿದ ನಿಯಮ. ಇನ್ನೊಂದು. ಗಿರಾಕಿ ಇಲ್ಲದಾಗ ಕೂರುವುದು ಅವಳ ಹಕ್ಕು. 2018ರಲ್ಲಿ ಕೇರಳ ಸರ್ಕಾರ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು, ನೌಕರರಿಗೆ ಕೂರಲು ಆಸನ ಕೊಡಲೇಬೇಕು ಎಂದಿತು. ಕೂತಾಗ ಮುಖವೂ ಸ್ವಲ್ಪ ಕೂರುತ್ತದೆ.

ಬಿಡಬಾರದ ಸೋಗೂ ಉಂಟು

ಹೊಡೆಯುವ ಗಂಡನ ಎದುರು, ನಿಮ್ಮ ಗುಟ್ಟನ್ನು ನಿಮ್ಮ ವಿರುದ್ಧವೇ ಬಳಸುವವರ ಎದುರು, ಪುಸ್ತಕವನ್ನೂ ಬಿಚ್ಚಬೇಡಿ, ಬಾಯಿಯನ್ನೂ ಬಿಚ್ಚಬೇಡಿ. ಅಲ್ಲಿ ಅದು ಗುರಾಣಿ. ಮೊದಲು ಸುರಕ್ಷಿತ ಜಾಗ ನೋಡಿ.

ಮತ್ತು ಇದನ್ನು ದಯವಿಟ್ಟು ಓದಿ. ರೈಲ್ವೆ ಸ್ಟೇಷನ್ನಿನಲ್ಲಿ ಕೂತ ಆ ದಿನಗಳಲ್ಲಿ ಹಳಿಯನ್ನು ನೋಡಿ ನನಗೆ ಬರಬಾರದ ಯೋಚನೆ ಬಂದಿತ್ತು, ಎರಡು ಸಲ. ನಿಮಗೆ ಒಂದು ಸಲ ಬಂದರೂ ಲೆಕ್ಕ ಬರೆಯುತ್ತಾ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416. 2022ರಿಂದ ನಡೆಯುತ್ತಿದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕೇರಳದ ದಿಶಾ 1056 ಕೂಡ ಉಂಟು. ನನ್ನ ಕಾಲಕ್ಕೆ 14416 ಇರಲಿಲ್ಲ. ಈಗ ಉಂಟು.

ನಿಮ್ಮ ಹತ್ತಿರ ಯಾರಾದರೂ ಬಂದರೆ

ಒಂದು ಸಲ ನೀವು ಇಳಿಸಿಟ್ಟದ್ದು ಗೊತ್ತಾದರೆ ಜನ ಬರುತ್ತಾರೆ. ನೇರ ವಿಷಯಕ್ಕೆ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಬದಿಯಡ್ಕದ ನನ್ನ ಸಣ್ಣ ಕೋಣೆಗೆ ಬಂದ. ಅವನನ್ನು ಕೇಳಿಯೇ ಇಷ್ಟು ಬರೆಯುತ್ತಿದ್ದೇನೆ. ಬೆಂಗಳೂರಿನ ಕಂಪನಿಯವನು, ಮನೆಯಿಂದ ಕೆಲಸ ಎಂದು ಊರಿನಲ್ಲಿದ್ದ. ಜಿಎಸ್‌ಟಿ ಬಗ್ಗೆ ಕೇಳಿದ. ಅವನಿಗೆ ವ್ಯಾಪಾರವೇ ಇರಲಿಲ್ಲ. ಮುಂದಿನ ವಾರ ಮತ್ತೆ ಬಂದು ಅದನ್ನೇ ಕೇಳಿದ.

ಆಗ "ಎಂತ ವಿಷಯ, ಹೇಳು" ಎಂದು ಒತ್ತಾಯಿಸಬಾರದು. ನಿಮ್ಮ ಕಥೆಯನ್ನು ಶುರು ಮಾಡಲೂಬಾರದು. ಕಂಪ್ಯೂಟರಿನ ಪರದೆ ಆರಿಸಿ, ಕುರ್ಚಿ ಪಕ್ಕಕ್ಕೆ ಎಳೆದು ಕೊಡಿ. ಬುದ್ಧಿ ಹೇಳಬೇಡಿ. ಬೇರೆಯವರ ಹೆಸರು ಎತ್ತಬೇಡಿ, ಒಬ್ಬರದ್ದು ಎತ್ತಿದರೆ ತನ್ನದನ್ನೂ ಎತ್ತುತ್ತಾರೆ ಎಂದು ಅವನಿಗೆ ಗೊತ್ತಾಗುತ್ತದೆ. ನಾನು ಕೆಳಗಿನ ಹೋಟೆಲಿನಿಂದ ಎರಡು ಚಹಾ ತರಿಸಿದೆ. ಅವನು ಚಹಾ ಕುಡಿದು, ಈ ಸಲ ಅಡಿಕೆಗೆ ಕೊಳೆರೋಗ ಜಾಸ್ತಿ ಎಂದು ಹೇಳಿ ಹೋದ. ಮೂರನೇ ಸಲವೂ ಕೊಳೆರೋಗದ ಮಾತೇ, ಆದರೆ ಒಂದು ಗಂಟೆ ಕೂತ.

ನಾಲ್ಕನೇ ಸಲ ಬಂದಾಗ ಬಾಗಿಲು ಅವನೇ ಮುಚ್ಚಿದ.